ರಸ್ತೆ ದಾಟದ ನೀರು

"ನಿಮಗೆ ಕರುಳು ಅನ್ನೋದು ಇದೆಯೇನ್ರೀ?"

ಆಟೊದಿಂದ ಇಳಿದವನು ಬೆಚ್ಚಿ ತಿರುಗಿದ. ಗೇಟಿಗೆ ಅಡ್ಡವಾಗಿ ಭುವನಾ ನಿಂತಿದ್ದಳು. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದವಳು ಕಿಟಕಿಯಿಂದ ಆಟೊ ಕಂಡದ್ದೇ ತಡ, ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿಬಂದಿದ್ದಳು. ಪಾವಗಡದ ಏಪ್ರಿಲ್ ಬಿಸಿಲಿಗೆ ಡಾಂಬರು ಕೆಂಡವಾಗಿತ್ತು. ಅಂಗಾಲು ಸುಡುತ್ತಿರುವುದೂ ಅವಳಿಗೆ ಗೊತ್ತಾಗಲಿಲ್ಲ.

"ಏನಾಯ್ತು?" ಎಂದ ಗೌರೀಶ್.

"ಏನಾಯ್ತಾ? ಮೇಲೆ ನೋಡ್ರೀ! ನಿಮ್ಮ ಮೊಲಗಳು ಬಿಸಿಲಲ್ಲಿ ಬೇಯ್ತಾ ಇವೆ. ಪಂಜರದಲ್ಲಿ ಒಂದು ಬಟ್ಟಲು ನೀರಿಲ್ಲ. ಅವನ್ನ ಹಿಂಗೆ ಬಿಟ್ಟು ಎಲ್ಲಿಗೆ ಹೋಗಿದ್ರಿ ಇಷ್ಟು ದಿನ?"

ಅವನು ಬಾಲ್ಕನಿಯ ಕಡೆ ಕತ್ತೆತ್ತಲೂ ಇಲ್ಲ.

"ಮೊಲ ನೀರು ಕುಡಿಯಲ್ಲ ರೀ. ಸೊಪ್ಪಲ್ಲಿರೋದೇ ಸಾಕು ಅವಕ್ಕೆ. ದಾರಿ ಬಿಡಿ, ನಂಗೆ ಟೈಮಿಲ್ಲ."

ಅವನ ಕಣ್ಣುಗಳು ಕೆಂಪಗಿದ್ದವು. ಗಡ್ಡ ಬೆಳೆದಿತ್ತು. ಅಂಗಿ ಮುದುಡಿತ್ತು. 'ಎಲ್ಲೋ ಮಜಾ ಮಾಡಿ ಬಂದಿದ್ದಾನೆ...' ಎಂದುಕೊಂಡಳು ಭುವನಾ.

ಅವನು ಮೆಟ್ಟಿಲು ಹತ್ತಿದ. ಒಂದು ಚೀಲ, ಒಂದು ಬೆಡ್‌ಶೀಟು ಹಿಡಿದು ಇಳಿದ. ಅದೇ ಆಟೊ ಹತ್ತಿ ಹೊರಟೇಹೋದ!

ಎದುರುಮನೆಯ ಮೊಲಕ್ಕೆ ಈ ಹುಡುಗಿ ಇಷ್ಟೊಂದು ಸಿಟ್ಟಾಗಬೇಕೇ ಎಂದು ನೀವು ಕೇಳಬಹುದು. ಸಿಟ್ಟು ಬರೀ ಮೊಲದ್ದಾಗಿರಲಿಲ್ಲ. ಅದನ್ನು ಅವಳು ತನ್ನೆದುರು ಕೂಡ ಒಪ್ಪಿಕೊಂಡಿರಲಿಲ್ಲ, ಅಷ್ಟೇ.

ಭುವನಾ ಆ ರಸ್ತೆಯ ಒಂದು ಮಹಡಿಯ ಮೇಲೆ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟದ್ದು ಸಂಕ್ರಾಂತಿ ಕಳೆದ ಮೇಲೆ. ಕಿಟಕಿಗೆ ನೇರವಾಗಿ ಎದುರುಮನೆಯ ಬಾಲ್ಕನಿ. ಅಲ್ಲಿ ತಂತಿಯ ಪಂಜರ, ಪಂಜರದಲ್ಲಿ ಎರಡು ಮೊಲ. ಬಿಳಿಯದಕ್ಕೆ ಬೆಣ್ಣೆ ಎಂದೂ ಬೂದುಬಣ್ಣದ್ದಕ್ಕೆ ಬೂದ ಎಂದೂ ಹೆಸರು. ಹೆಸರು ಅವಳಿಗೆ ಗೊತ್ತಾದದ್ದು ಹೇಗೆ ಅಂತೀರಾ? ಸೋಲಾರ್ ಪಾರ್ಕಿನ ಕೆಲಸ ಮುಗಿಸಿ ಸಂಜೆ ಬರುತ್ತಿದ್ದ ಗೌರೀಶ್, ಆ ಮೊಲಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೆಸರು ಹಿಡಿದು ಕರೆಯುತ್ತಾ, ಹಳೆಯ ಬಾಚಣಿಗೆಯಿಂದ ಮೈ ಬಾಚುತ್ತಾ ಗಂಟೆಗಟ್ಟಲೆ ಮಾತಾಡುತ್ತಿದ್ದ.

"ಇವತ್ತು ಏನಾಯ್ತು ಗೊತ್ತಾ? ನಮ್ಮ ಸಾಹೇಬ್ರ ಕನ್ನಡಕ ಕುರಿ ತಿಂದ್ಬುಡ್ತು!" ಎಂದು ನಗುತ್ತಿದ್ದ.

ಮೊಲದ ಜೊತೆ ಹೀಗೆ ಮಾತಾಡುವ ಗಂಡಸನ್ನು ಭುವನಾ ಕಂಡಿರಲಿಲ್ಲ. ಸಂಜೆಯಾದರೆ ಅವಳ ಮೆಷಿನ್ನಿನ ವೇಗ ತಾನಾಗಿಯೇ ಕಡಿಮೆಯಾಗುತ್ತಿತ್ತು. ಒಮ್ಮೆ ಗಿರಾಕಿಯೊಬ್ಬರ ಬ್ಲೌಸಿಗೆ ಎಡಗೈ ತೋಳನ್ನು ಬಲಕ್ಕೆ ಕೂರಿಸಿ ಬೈಸಿಕೊಂಡಳು. ಒಂದು ಬಾಚಣಿಗೆಗೆ ಮನಸ್ಸು ಕೊಟ್ಟುಬಿಟ್ಟಿದ್ದಳು ಪೆದ್ದಿ!

ಅಂಥವನು ಇದ್ದಕ್ಕಿದ್ದಂತೆ ಕಾಣೆಯಾದ. ಪಂಜರ ಮಾತ್ರ ಬಿಸಿಲಲ್ಲೇ ಉಳಿಯಿತು. ಮೊಲಗಳು ಮೂಲೆಗೆ ಒತ್ತಿಕೊಂಡು ಏದುಸಿರು ಬಿಡುತ್ತಿದ್ದವು. ದಿನಾ ನೋಡಿದಳು. ದಿನಾ ಸಂಕಟಪಟ್ಟಳು. ಹೋಗಿ ಬಾಗಿಲು ಬಡಿಯೋಣವೆಂದರೆ ಅಮ್ಮನ ಮಾತು ಅಡ್ಡ ಬರುತ್ತಿತ್ತು. "ಮದ್ವೆ ಆಗ್ಬೇಕಾದ ಹುಡುಗಿ, ಗಂಡಸರ ಮನೆ ಬಾಗಿಲಲ್ಲಿ ನಿಂತ್ರೆ ಜನ ಏನಂತಾರೆ?"

ಹಾಗಾಗಿ ಅವಳು ಬಡಿಯಲಿಲ್ಲ. ಇವತ್ತು ಸಿಟ್ಟು ತಲೆಗೇರಿ ಗೇಟಿನ ತನಕ ಹೋಗಿದ್ದಳು. ಸಿಕ್ಕಿದ್ದು ಈ ಉತ್ತರ!

'ಇಷ್ಟೇನಾ ಇವನು? ಇಂಥವನನ್ನಾ ನಾನು...'

ಕಣ್ಣೀರು ಒರೆಸಿಕೊಂಡು ಫೋನ್ ಎತ್ತಿದಳು. ಕಿಟಕಿಯಿಂದಲೇ ವಿಡಿಯೊ ಮಾಡಿದಳು. ಕೆಳಗೆ ಬರೆದಳು. 'ಸಾಕೋಕೆ ಆಗದಿದ್ರೆ ತಂದಿದ್ದು ಯಾಕೆ? ಈ ಮನೆಯವನು ಮನುಷ್ಯನೇ ಅಲ್ಲ. ಎಲ್ಲರಿಗೂ ಕಳಿಸಿ.'

ಎಲ್ಲರೂ ಕಳಿಸಿದರು. ಸಂಜೆಯೊಳಗೆ ಅದು ಮಧುಗಿರಿಯ ಗ್ರೂಪುಗಳಲ್ಲಿತ್ತು. ಸಿರಾದಲ್ಲಿರುವ ಅವಳ ಚಿಕ್ಕಮ್ಮನಿಗೆ ಯಾರೋ ಕಳಿಸಿ, ಚಿಕ್ಕಮ್ಮ ಅದನ್ನು ಇವಳಿಗೇ ವಾಪಸ್ ಕಳಿಸಿದರು. ಅಳುವ ಮುಖ, ಕೆಂಪು ಮುಖ, ಶಾಪ, ಬೈಗುಳ... ಯಾರು ಎಷ್ಟು ಬೈದರೂ ಭುವನಾಳಿಗೆ ಸಮಾಧಾನವಾಗುತ್ತಿತ್ತು.

ವಿಡಿಯೊ ಮೂರು ತಾಲ್ಲೂಕು ದಾಟಿತು. ನೀರು ಮಾತ್ರ ಒಂದು ರಸ್ತೆ ದಾಟಲಿಲ್ಲ. ಅದು ಭುವನಾಳಿಗೂ ಹೊಳೆಯಲಿಲ್ಲ, ನೋಡಿ.

ಮಾರನೆಯ ದಿನ ಮಧ್ಯಾಹ್ನ ಕಿಟಕಿಯಿಂದ ಇಣುಕಿದರೆ ಬೂದ ಪಕ್ಕೆಗೆ ಬಿದ್ದಿತ್ತು. ಬೆಣ್ಣೆ ಅದರ ಕಿವಿ ಮೂಸುತ್ತಿತ್ತು.

ಭುವನಾ ಎದ್ದುಬಿದ್ದು ಓಡಿದಳು. ಎದುರುಮನೆಯ ಕೆಳಗಿನ ಭಾಗದಲ್ಲಿ ಬಾಡಿಗೆಗಿದ್ದ ಬೊಮ್ಮಕ್ಕ ಬಾಗಿಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು.

"ಬೊಮ್ಮಕ್ಕ! ಮೇಲಿನ ಬೀಗದಕೈ ಇದೆಯಾ?"

"ಐತೆ, ಗೌರೀಸಪ್ಪ ಕೊಟ್ಟೋಗವ್ನೆ. ಯಾಕಮ್ಮಾ ಇಂಗ್ ಓಡ್ಬಂದೆ?"

"ಮೊಲಕ್ಕೆ ಏನೋ ಆಗಿದೆ. ನೀರು ಇಟ್ಟಿದ್ರಾ ನೀವು?"

"ನೀರಾ! ಮೊಲಕ್ಕೆ ನೀರ್ ಇಕ್ಬಾರ್ದು ಕಣಮ್ಮ, ಹೊಟ್ಟೆ ಉಬ್ಕಂಡು ಸತ್ತೋಯ್ತವೆ. ಸಂತೇಲಿ ಮಾರೋನೇ ಅಂಗಂದಿದ್ನಂತೆ. ದಿನಾ ಕಳ್ಳೇಕಾಯ್ ಬಳ್ಳಿ ಇಕ್ತಾ ಇವ್ನಲ್ಲ ನಾನು."

ಇಬ್ಬರೂ ಮೇಲೆ ಹೋಗಿ ಬೀಗ ತೆಗೆದು ಬಾಲ್ಕನಿಗೆ ಬಂದರು. ಒಣಗಿ ಗರಿಗರಿಯಾದ ಬಳ್ಳಿ ಪಂಜರದ ತುಂಬ ಬಿದ್ದಿತ್ತು. ಅದರಲ್ಲಿ ಒಂದು ತೊಟ್ಟು ನೀರಿನ ಅಂಶವಿರಲಿಲ್ಲ. ಪಂಜರದ ತಂತಿ ಮುಟ್ಟಿದರೆ ಕೈ ಚುರುಕ್ಕೆಂದಿತು.

"ಇಷ್ಟು ಬಿಸಿಲಲ್ಲಿ ಯಾಕೆ ಇಟ್ಟಿದಾರೆ ಇದನ್ನ? ಒಳಗಡೆ ಜಾಗ ಇರಲಿಲ್ವಾ?"

ಬೊಮ್ಮಕ್ಕ ಪಂಜರದ ಹಿಂದಿದ್ದ ಕಿಟಕಿಯನ್ನು ತಳ್ಳಿ ತೆರೆದಳು.

ಒಳಗೆ ಒಂದು ಮಂಚ. ಮಂಚದ ಮೇಲೆ ಮಡಚಿಟ್ಟ ಹೊದಿಕೆ. ಪಕ್ಕದ ಸ್ಟೂಲಿನ ಮೇಲೆ ಸಾಲಾಗಿ ಔಷಧಿ.

"ತಂಗಿ ಲೋಹಿತಾ ಮಲ್ಗೋ ಜಾಗ ಅದು. ಎರಡೂ ಕಿಡ್ನಿ ಹೋಗವೆ ಪಾಪಂ, ಎದ್ದು ಓಡಾಡಕ್ಕಾಗಲ್ಲ. ಮಲ್ಗಿದ್ದಂಗೇ ಮೊಲ ಕಾಣ್ಲಿ ಅಂತ ಇಲ್ಲೇ ಇಟ್ಟವ್ನೆ. ದಿನಾ ಸಾಯಂಕಾಲ ಇಲ್ ಕುಂತು ಕಿಟ್ಕೀಲಿ ಅವಳ್ನ ಮಾತಾಡಿಸ್ತಿದ್ದ. ಈಗ ತುಮಕೂರ್ ಆಸ್ಪತ್ರೇಲವ್ಳೆ. ಊಟ ನಿದ್ದೆ ಬುಟ್ಟು ಅಲ್ಲೇ ಕುಂತವ್ನೆ. ನೆನ್ನೆ ಬೆಡ್‌ಶೀಟ್ ತಗಂಡೋಗಕ್ ಬಂದಿದ್ದ."

ಭುವನಾ ಆ ಮಂಚವನ್ನೇ ನೋಡಿದಳು.

ಅವನು ಮಾತಾಡುತ್ತಿದ್ದದ್ದು ಮೊಲದ ಜೊತೆಯಲ್ಲ... ತಂಗಿಯ ಜೊತೆ! ಆ ಕೆಂಪು ಕಣ್ಣು...

'ಅಯ್ಯೋ ಶಿವನೇ, ಏನು ಬರೆದುಬಿಟ್ಟೆ ನಾನು!'

ಎರಡೂ ಮೊಲಗಳನ್ನು ಒದ್ದೆ ಟವೆಲಿನಲ್ಲಿ ಸುತ್ತಿಕೊಂಡು ಆಟೊದಲ್ಲಿ ಪಶು ಆಸ್ಪತ್ರೆಗೆ ಹೋದಳು. ದಾರಿಯಲ್ಲೇ ಬೂದನ ಎದೆಬಡಿತ ಅವಳ ಅಂಗೈಯಡಿ ನಿಂತುಹೋಯಿತು. ಡಾಕ್ಟರ್ ರೇಣುಕಯ್ಯ ಬೆಣ್ಣೆಯ ಚರ್ಮದಡಿ ಸಲೈನ್ ಕೊಟ್ಟರು. ಆಮೇಲೆ ಬಟ್ಟಲಲ್ಲಿ ನೀರಿಟ್ಟು ಮೂತಿಯ ಹತ್ತಿರ ಹಿಡಿದರು. ಬೆಣ್ಣೆ ತಲೆ ಎತ್ತದೆ ಕುಡಿಯಿತು. ಕುಡಿಯುತ್ತಲೇ ಇತ್ತು.

"ಮೊಲ ನೀರು ಕುಡಿಯಲ್ಲ ಅಂತ ಎಲ್ರೂ ಅಂದ್ಕೊಂಡಿದಾರಮ್ಮ. ನಮ್ಮೂರ ಸೆಕೆಗೆ ನೀರಿಲ್ದೆ ಬದುಕುತ್ವಾ ಅವು?" ಎಂದರು ಡಾಕ್ಟರು. "ನೆನ್ನೆ ವಿಡಿಯೊ ನನಗೂ ಬಂದಿತ್ತು. ನೋಡಿ, ಪಾಪ ಅಂದು, ಸುಮ್ಮನಾದೆ. ಯಾರಾದ್ರೂ ಆಗ್ಲೇ ಪಂಜರ ನೆರಳಿಗೆ ಎಳೆದು ಒಂದು ಬಟ್ಟಲು ನೀರಿಟ್ಟಿದ್ರೆ ಸಾಕಿತ್ತು. ನಾನಾದ್ರೂ ಫೋನ್ ಮಾಡಿ ಕೇಳ್ಬಹುದಿತ್ತು."

ಭುವನಾ ಬೂದನನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆಸ್ಪತ್ರೆಯ ಹಿಂದಿನ ಹೊಂಗೆಮರದಡಿ ಅದನ್ನು ಮಣ್ಣು ಮಾಡಿದರು.

ವಿಡಿಯೊ ಅಳಿಸಿದಳು. ಅವಳ ಫೋನಿನಿಂದ ಮಾತ್ರ ಹೋಯಿತು. ಉಳಿದವರ ಫೋನುಗಳಲ್ಲಿ ಅದು ಓಡಾಡುತ್ತಲೇ ಇತ್ತು.

ವಾರ ಕಳೆಯುವಷ್ಟರಲ್ಲಿ ಎದುರುಮನೆಯ ಮುಂದೆ ಶಾಮಿಯಾನ ಎದ್ದಿತು. ಲೋಹಿತಾ ಹೋಗಿಬಿಟ್ಟಿದ್ದಳು. ವಿಭೂತಿ ಬಳಿದು, ಹೂವಿನ ನಡುವೆ ಕೂರಿಸಿದ್ದ ಆ ಪುಟ್ಟ ದೇಹವನ್ನು ಭುವನಾ ಗೇಟಿನಾಚೆ ನಿಂತು ನೋಡಿದಳು. ಅವಳು ಲೋಹಿತಾಳನ್ನು ನೋಡಿದ್ದು ಅದೇ ಮೊದಲು. ಒಳಗೆ ಹೋಗುವ ಧೈರ್ಯವಾಗಲಿಲ್ಲ. ಗೌರೀಶ್ ಒಮ್ಮೆ ಕತ್ತೆತ್ತಿದ. ಇಬ್ಬರ ಕಣ್ಣೂ ಕೂಡಿದವು. ಅವಳು ತಲೆ ತಗ್ಗಿಸಿ ವಾಪಸಾದಳು.

ಬೆಣ್ಣೆ ಈಗ ಅಂಗಡಿಯಲ್ಲೇ ಇತ್ತು. ಕತ್ತರಿಸಿ ಉಳಿದ ಬಟ್ಟೆಚೂರುಗಳ ರಾಶಿಯ ಮೇಲೆ ಮಲಗುತ್ತಿತ್ತು. ಹಸಿ ಹುಲ್ಲು, ಕೊತ್ತಂಬರಿ, ಮಣ್ಣಿನ ಬಟ್ಟಲಲ್ಲಿ ನೀರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೀರು ಬದಲಾಯಿಸುವಳು.

'ಯಾವತ್ತಾದರೂ ಬಂದೇ ಬರ್ತಾನೆ. ಬೆಣ್ಣೆಯನ್ನ ಕಿತ್ತುಕೊಂಡು ಹೋಗ್ತಾನೆ. ಹೋಗಲಿ... ಒಂದು ಸಲ ಬಾಯ್ತುಂಬ ಬೈದಾದ್ರೂ ಹೋಗಲಿ!'

ಅವನು ಬರಲಿಲ್ಲ. ಬೂದ ಸತ್ತದ್ದು, ಬೆಣ್ಣೆ ಇಲ್ಲಿರುವುದು ಬೊಮ್ಮಕ್ಕನಿಂದ ಅವನಿಗೆ ತಿಳಿದಿತ್ತು. ಖಾಲಿ ಪಂಜರದ ಪಕ್ಕ ಸಂಜೆ ಸುಮ್ಮನೆ ಕೂರುತ್ತಿದ್ದ. ಬಾಚಣಿಗೆ ಕೈಯಲ್ಲೇ ಇರುತ್ತಿತ್ತು. ಮಾತು ಮಾತ್ರ ಇರಲಿಲ್ಲ. ಎಷ್ಟೋ ಸಲ ಭುವನಾ ಮೆಟ್ಟಿಲು ಇಳಿದಳು, ರಸ್ತೆಯಂಚಿಗೆ ಹೋಗಿ ತಿರುಗಿ ಬಂದಳು. ಯಾವ ಮುಖ ಹೊತ್ತು ಹೋಗುವುದು?

ಮುಂಗಾರಿನ ಮೊದಲ ಮೋಡಗಳು ಕೋಟೆಬೆಟ್ಟದ ಮೇಲೆ ಬಂದು, ಹನಿ ಹಾಕದೆ ಆಂಧ್ರದ ಕಡೆ ಹೋದ ಒಂದು ಸಂಜೆ, ಅಂಗಡಿಯ ಬಾಗಿಲಲ್ಲಿ ನೆರಳು ಬಿದ್ದಿತು.

ಗೌರೀಶ್!

ಭುವನಾಳ ಕೈಯಿಂದ ಕತ್ತರಿ ಜಾರಿ ನೆಲಕ್ಕೆ ಬಿತ್ತು. ಬೆಣ್ಣೆ ಕಿವಿ ನಿಮಿರಿಸಿತು. ಕುಪ್ಪಳಿಸಿ ಬಂದು ಅವನ ಪಾದ ಮೂಸಿತು. ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತ.

"ಕರ್ಕೊಂಡು ಹೋಗಿ..." ಎಂದಳು ಭುವನಾ. "ನಿಮ್ಮದೇ ಅದು. ಆದ್ರೆ ದಮ್ಮಯ್ಯ, ನೀರು ಇಡಿ. ನನ್ನನ್ನ ಕ್ಷಮಿಸಬೇಡಿ, ನೀರು ಮಾತ್ರ ಇಡಿ."

ಬೆಣ್ಣೆ ಅಷ್ಟರಲ್ಲಿ ಬಟ್ಟಲಿಗೆ ಮೂತಿಯಿಟ್ಟು ಲೊಚಲೊಚನೆ ನೀರು ಕುಡಿಯತೊಡಗಿತ್ತು. ಅವನು ಅದನ್ನೇ ನೋಡುತ್ತಾ ಕೂತ.

"ಕುಡೀತಾನಲ್ಲ..." ಎಂದ ಮೆಲ್ಲಗೆ. "ಹಿಂಗೆ ಕುಡೀತಾನಲ್ಲ..."

ಅವನ ಹೆಗಲು ಅದುರಿತು. ಗಂಡಸು ಹೀಗೆ ಅಳುವುದನ್ನು ಭುವನಾ ನೋಡಿರಲಿಲ್ಲ.

"ನಮ್ಮನೇಲಿ ನೀರು ಅಂದ್ರೇನೇ ಭಯ ರೀ. ಲೋಹಿತಾಗೆ ನೀರು ಅಳೆದು ಕೊಡ್ಬೇಕಿತ್ತು. ಜಾಸ್ತಿ ಕುಡಿದ್ರೆ ಮೈ ಊದ್ಕೊಳ್ಳೋದು, ಉಸಿರಾಡಕ್ಕಾಗ್ತಿರ್ಲಿಲ್ಲ. ಒಂದ್ ಗುಟುಕು ಕೊಡಣ್ಣ ಅಂತ ಗೋಗರೀತಿದ್ಲು. ಅವಳ ಕಣ್ಣೆದುರಿಗೆ ನಾನೂ ನೀರು ಕುಡೀತಿರ್ಲಿಲ್ಲ. ಸಂತೇಲಿ ಅವನು, ಮೊಲಕ್ಕೆ ನೀರೇ ಬೇಡ ಅಂದಾಗ ನಂಗೆ ಎಷ್ಟು ಖುಷಿಯಾಯ್ತು ಗೊತ್ತಾ? ಅವಳ ಮಂಚದ ಮುಂದೆ ಬಟ್ಟಲು ಇಡೋದು ತಪ್ತಲ್ಲಾ ಅಂತ. ಇನ್ನೊಬ್ರನ್ನ ಕೇಳಬೇಕು ಅನ್ನಿಸಲೇ ಇಲ್ಲ. ಬಾಯಾರಿಕೆ ಅಂದ್ರೇನು ಅಂತ ಮನೇಲೇ ಒಬ್ಬಳು ದಿನಾ ತೋರಿಸ್ತಿದ್ಲು. ಆದ್ರೂ ಪಂಜರದ ಕಡೆ ನನ್ನ ಕಣ್ಣು ಹೋಗ್ಲಿಲ್ಲ."

ಭುವನಾ ಅವನೆದುರು ಬಂದು ಕೂತಳು. "ನಂಗೆ ಕಾಣ್ತಿತ್ತು," ಎಂದಳು. "ದಿನಾ ಕಾಣ್ತಿತ್ತು. ಒಂದು ಬಟ್ಟಲು ನೀರು ತರೋ ಬದಲು ಫೋನ್ ತಗೊಂಡೆ. ನಿಮ್ಮನ್ನ ಊರ ಮುಂದೆಲ್ಲ..."

ನೆಲಕ್ಕೆ ಬಿದ್ದಿದ್ದ ಕತ್ತರಿಯನ್ನು ಎತ್ತಿಟ್ಟು ಕೇಳಿದಳು.

"ಅದು... ನಿಮಗೂ ಬಂದಿತ್ತಾ?"

"ಬಂದಿತ್ತು. ಆಸ್ಪತ್ರೇಲಿದ್ದೆ. ಲೋಹಿತಾ ಪಕ್ಕದಲ್ಲೇ ಇದ್ಲು, ಬೆಣ್ಣೆಯ ಬಿಳಿ ಬಣ್ಣ ಕಂಡ ತಕ್ಷಣ 'ತೋರ್ಸಣ್ಣ, ತೋರ್ಸು' ಅಂದ್ಲು."

"ಅಯ್ಯೋ!" ಭುವನಾ ಬಾಯಿ ಮುಚ್ಚಿಕೊಂಡಳು. "ನಾನು ಬರೆದಿದ್ದನ್ನ ಓದಿದ್ಲಾ?"

"ಇಲ್ಲ. ಹೆಬ್ಬೆರಳಿಂದ ಮುಚ್ಚಿ ಹಿಡ್ಕೊಂಡಿದ್ದೆ."

ಭುವನಾಳ ಕಣ್ಣೀರು ದಳದಳನೆ ಇಳಿಯಿತು. ಅವನು ನಿಧಾನವಾಗಿ ಹೇಳತೊಡಗಿದ.

"ಮತ್ತೆ ಮತ್ತೆ ಹಾಕಿಸ್ಕೊಂಡು ನೋಡಿದ್ಲು. ಅವಳು ಕೊನೇಲಿ ನಕ್ಕಿದ್ದು ಅದನ್ನ ನೋಡಿನೇ. 'ಅಣ್ಣ, ಇದು ಟೈಲರ್ ಅಕ್ಕನ ಕಿಟಕಿಯಿಂದ ತೆಗೆದಿದ್ದು ಕಣೋ' ಅಂದ್ಲು. ಮಲಗಿದ್ದಲ್ಲಿಂದ ನೀವೂ ಕಾಣ್ತಿದ್ರಂತೆ ಅವಳಿಗೆ. 'ಅಕ್ಕ ದಿನಾ ಈ ಕಡೆನೇ ನೋಡ್ತಾಳೆ. ಮೊಲ ನೋಡ್ತಾಳೋ ನಿನ್ನ ನೋಡ್ತಾಳೋ ಗೊತ್ತಿಲ್ಲ' ಅಂತ ಮುಂಚೆಯಿಂದಾನೂ ರೇಗಿಸ್ತಿದ್ಲು. ಆವತ್ತು, 'ನಾನು ಬರಲಿಲ್ಲ ಅಂದ್ರೆ ಇವನ್ನ ಆ ಅಕ್ಕನಿಗೇ ಕೊಡು. ನೋಡ್ಕೋತಾಳೆ' ಅಂದ್ಲು."

ಹೊರಗೆ ಬಸ್ಸೊಂದು ಹಾರ್ನ್ ಹಾಕಿಕೊಂಡು ಹೋಯಿತು.

"ನನ್ನ ಮೇಲೆ ಕೋಪ ಇಲ್ವಾ ನಿಮಗೆ?"

"ಇದೆ," ಎಂದ ಗೌರೀಶ್. "ಹೆಚ್ಚು ನನ್ನ ಮೇಲೇ ಇದೆ. ಅದು ಹೋಗೋಕೆ ದಿನ ಬೇಕು."

ಭುವನಾ ತಲೆಯಾಡಿಸಿದಳು. ಬೆಣ್ಣೆಯನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು. ಅವನು ಜೇಬಿನಿಂದ ಆ ಹಳೆಯ ಬಾಚಣಿಗೆ ತೆಗೆದ. ಬಾಚಲು ಹೋಗಿ ನಿಲ್ಲಿಸಿದ. ಅದನ್ನು ಅವಳ ಕಡೆ ಚಾಚಿದ.

"ಅವಳು ನಿಮಗೆ ಕೊಡು ಅಂದಿದ್ದಾಳೆ."

"ಲೋಹಿತಾ ಸರಿಯಾಗೇ ನೋಡಿದ್ಲು," ಎಂದಳು ಭುವನಾ ಬಾಚಣಿಗೆ ತೆಗೆದುಕೊಂಡು. "ನಾನು ಬರೀ ಮೊಲ ನೋಡ್ತಿರಲಿಲ್ಲ... ಅದಕ್ಕೇ ಅಷ್ಟೊಂದು ಸಿಟ್ಟು ಬಂದಿದ್ದು."

ಗೌರೀಶ್ ಅವಳ ಕಡೆ ಮುಖ ಎತ್ತಿದ.

"ನಂಗೊತ್ತಿತ್ತು," ಎಂದ. "ನೀವು ಮೆಷಿನ್ ತುಳಿಯೋ ಸದ್ದು ಸಂಜೆ ಹೊತ್ತು ನಿಧಾನ ಆಗ್ತಿತ್ತು. ಅದು ನಿಧಾನ ಆದ ಮೇಲೇನೇ ನಾನು ಬಾಲ್ಕನಿಗೆ ಬರ್ತಿದ್ದಿದ್ದು."

ಅವಳು ಅಳುತ್ತಲೇ ನಕ್ಕಳು. ಎದುರಿನ ಬಾಲ್ಕನಿಯ ಹಿಂದೆ, ಲೋಹಿತಾಳ ಕಿಟಕಿ ತೆರೆದೇ ಇತ್ತು.

ಹೊರಡಲು ಎದ್ದವನು ಬಾಗಿಲಲ್ಲಿ ನಿಂತ.

"ಇನ್ಮೇಲೆ ನಮ್ಮನೇಲಿ ಏನಾದ್ರೂ ತಪ್ಪು ಕಂಡ್ರೆ, ಜನ ಏನಂತಾರೆ ಅಂತ ನೋಡಬೇಡಿ. ಬಂದು ಬಾಗಿಲು ಬಡೀರಿ."

"ತೆಗೀತೀರಾ?"

"ತೆಗೀತೀನಿ, ಭುವನಾ."

ಮಾರನೆಯ ದಿನ ಬೆಳಿಗ್ಗೆ ಅವಳು ಬೆಣ್ಣೆಯನ್ನು ಕಂಕುಳಲ್ಲಿ ಇರುಕಿಕೊಂಡು, ತುಂಬಿದ ಬಟ್ಟಲನ್ನು ತುಳುಕದಂತೆ ಹಿಡಿದು, ರಸ್ತೆ ದಾಟಿದಳು.