ಮಾಳವ್ವನ ಮೊದಲ ಬೊಗಸೆ

ಬಹಳ ಹಿಂದೆ, ಮಂತ್ರಕ್ಕೆ ಮರವೂ ಮಣಿಯುತ್ತಿದ್ದ ಕಾಲದಲ್ಲಿ, ತಂಪಾವತಿ ಎಂಬ ನಗರವಿತ್ತು. ನಗರದ ನಡುವೆ ದೊಡ್ಡದೊಂದು ವನ, ವನದ ನಡುವೆ ಕೆರೆ. ಜನ ವನದಲ್ಲಿ ತಿರುಗಾಡುತ್ತಿದ್ದರು, ಕೆರೆಯ ನೀರು ಕುಡಿಯುತ್ತಿದ್ದರು. ಮರದ ಬೇರುಗಳು ಸೋಸಿ ಕೊಟ್ಟ ಆ ನೀರು ಎಳನೀರಿನಷ್ಟು ಸಿಹಿ.

ತೂಬು ಕಾಯುವವಳು ನೀರುಗಂಟಿ ಮಾಳವ್ವ. ತೂಬು ತೆಗೆಯುವವರು ಮೊದಲ ಬೊಗಸೆ ತಾವೇ ಕುಡಿದು ನೋಡಬೇಕು, ಇದು ಅಲ್ಲಿಯ ಕಟ್ಟಳೆ. ಗಂಡನಿಲ್ಲ, ಮಕ್ಕಳಿಲ್ಲ, ಆ ಒಂದು ಬೊಗಸೆಯ ಸಿಹಿಯೇ ಮಾಳವ್ವನ ಸುಖ.

ಒಂದು ದಿನ ಕಂಟಕಾಕ್ಷನೆಂಬ ಮಾಂತ್ರಿಕ ಬಂದು, ವನವನ್ನೆಲ್ಲ ಚಿನ್ನ ಮಾಡಿಕೊಡುತ್ತೇನೆಂದ. ಬೇಡವೆನ್ನಲು ಅರಸನಿಗೇನು ಹುಚ್ಚೇ?

ಮೊದಲ ದಿನ ಮೂಡಣದ ಮರಗಳು ಚಿನ್ನವಾದವು. ಚಿನ್ನದ ಬೇರು ನೀರು ಸೋಸೀತೇ? ಮಂತ್ರದ ವಿಷ ನೇರ ಕೆರೆಗಿಳಿಯಿತು. ಮಾಳವ್ವ ಬೊಗಸೆ ಕುಡಿದಳು. ನಾಲಿಗೆಯಿಂದ ಸಿಹಿ ಹೋಯಿತು. ತೂಬು ತೆಗೆಯಲಿಲ್ಲ.

ಎರಡನೆಯ ದಿನ ಪಡುವಣದ ಮರಗಳು ಚಿನ್ನವಾದವು. ಕುಡಿದಳು, ಉಪ್ಪು, ಹುಳಿ ಹೋದವು. ತೂಬು ತೆಗೆಯಲಿಲ್ಲ. ಜನ ಕೊಡ ಕುಕ್ಕಿ, "ಮುದುಕಿಗೆ ಹೊಟ್ಟೆಕಿಚ್ಚು" ಎಂದರು.

ಮೂರನೆಯ ದಿನ ಒಂದು ಹಸಿರೆಲೆಯೂ ಉಳಿಯಲಿಲ್ಲ. ಅರಸ ತೂಬಿನ ಬೀಗದ ಕೈಯನ್ನು ಮಾಂತ್ರಿಕನಿಗೇ ಕೊಟ್ಟ.

"ಹಂಗಾದ್ರೆ ಮೊದಲ ಬೊಗಸೆ ಇವನೇ ಕುಡೀಬೇಕು, ಬುದ್ಧಿ," ಎಂದಳು ಮಾಳವ್ವ.

ಮಾಂತ್ರಿಕ ನಕ್ಕ. "ನೀನು ಕುಡಿದು ಬದುಕಿದರೆ ನಾನೂ ಕುಡಿಯುತ್ತೇನೆ. ಮಂತ್ರದಾಣೆ!"

ಮಾಳವ್ವ ಕೆರೆಗೆ ಬಾಗಿ ಬೊಗಸೆ ತುಂಬಿಕೊಂಡಳು. ಕುಡಿದಳು. ಬಾಯೆಲ್ಲ ಕಹಿ. ಎರಡು ದಿನ ವಿಷಕ್ಕೆ ಪಳಗಿದ ಮೈ, ಸಾಯಲಿಲ್ಲ.

"ಈಗ ನೀನು ಕುಡಿಯಪ್ಪ."

ಆಣೆ ಮುರಿದರೆ ಮಂತ್ರ ಮುರಿಯುತ್ತದೆ. ಮಾಂತ್ರಿಕ ಕುಡಿದ, ಬೂದಿಯಾದ. ಮರಗಳೆಲ್ಲ ಮತ್ತೆ ಹಸಿರಾದವು, ಕೆರೆ ತಿಳಿಯಾಯಿತು.

"ಏನು ಸಿಹಿ, ಏನು ಸಿಹಿ!" ಎಂದು ಜನ ಕುಣಿದರು. ಮಾಳವ್ವನೂ ಆಸೆಯಿಂದ ಬೊಗಸೆಯೆತ್ತಿದಳು.

"ನಂಗೆ ಕಹೀನೇ ಬುದ್ಧಿ. ನಾಲಿಗೆ ಸತ್ತೋಗ್ಯದೆ."

ಅರಸ ಅವಳಿಗೆ ಶಾಲು ಹೊದಿಸಿದ. "ರುಚಿ ತಿಳಿಯದವಳು ನೀರುಗಂಟಿ ಹೇಗಾದೀಯೇ, ತಾಯಿ? ಮನೆಯಲ್ಲಿ ಹಾಯಾಗಿರು."

"ಮತ್ತೆ ರುಚಿ ನೋಡೋರು ಯಾರು, ಬುದ್ಧಿ?"

"ಮಾಂತ್ರಿಕ ಸತ್ತನಲ್ಲ! ಇನ್ನೇಕೆ ಆ ಕಟ್ಟಳೆ?"

ಮಾಳವ್ವನಿಗೆ ಅಳು ಬಂತು. ಸಂತೋಷಕ್ಕೆ ಅಳುತ್ತಾಳೆಂದು ಜನ ಚಪ್ಪಾಳೆ ತಟ್ಟಿದರು.

ಆಮೇಲೆ ತಂಪಾವತಿಯಲ್ಲಿ ಎಲ್ಲರೂ ಸುಖವಾಗಿದ್ದರು. ವನದಲ್ಲಿ ತಿರುಗಾಡಿದರು, ನೀರು ಕುಡಿದರು. ಮಾಳವ್ವನೂ ದಿನಾ ಅದೇ ಕಹಿ ಕುಡಿದಳು. ನೀರು ಕೆಟ್ಟರೂ ಇನ್ನು ಅವಳಿಗೆ ತಿಳಿಯುವಂತಿರಲಿಲ್ಲ. ಮೊದಲು ಕುಡಿದು ನೋಡೋಣವೆಂದು ಬೇರೆ ಯಾರಿಗೂ ಅನ್ನಿಸಲಿಲ್ಲ.