ದೇವಿಕಾ ಹಲ್ಲು ಕೀಳಿಸಿಕೊಂಡ ದಿನ

"ಈ ಗುಳಿಗಿ ಕೊಟ್ಟು ನನ್ನ ಕೊಲ್ಲಬೇಕಂತ ಮಾಡೀರೇನು?"

ಶಹಾಪುರದ ಔಷಧಿ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಊದಿದ ಕೆನ್ನೆ ಹಿಡಿದುಕೊಂಡೇ ದೇವಿಕಾ ಗುಳಿಗೆ ಪಟ್ಟಿಯನ್ನು ಕೌಂಟರಿನ ಮೇಲೆ ಒಗೆದಿದ್ದಳು. ಭೀಮರಾಯನಗುಡಿಯ ಕೃಷಿ ಕಾಲೇಜಿನ ಗುಮಾಸ್ತೆ ಅವಳು. ಹೀಗೆ ಕಿರುಚಿದವಳೇ ಅಲ್ಲ.

ಅಂಗಡಿಯ ಬುದ್ಧಪ್ರಿಯ ತಬ್ಬಿಬ್ಬಾದ. "ಹಲ್ಲುನೋವಿಗೆ ಎಲ್ಲಾರಿಗೂ ಇದನ್ನೇ ಕೊಡ್ತೀವ್ರಿ..."

"ನಾನು ಎಲ್ಲಾರಂಗ ಅಲ್ರಿ! ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕಣ ನನಗ ಎಣಿಕಿಗೆ ಸರಿ ಅದಾವ, ಆದ್ರ ಅವು ಕೆಲಸ ಮಾಡಂಗಿಲ್ಲ. ಇದನ್ನ ನುಂಗಿದ್ರ ರಕ್ತ ನಿಲ್ಲಂಗಿಲ್ಲ. ಪ್ಯಾರಾಸಿಟಮಾಲ್ ಕೊಡ್ರಿ, ಸಾಕು."

"ತಪ್ಪಾತ್ರಿ. ನಾನು ಮೊದಲ ಕೇಳಬೇಕಾಗಿತ್ತು."

ತಪ್ಪೊಪ್ಪಿಕೊಂಡ ಆ ಕಣ್ಣುಗಳು ಮನೆ ಸೇರಿದ ಮೇಲೂ ಅವಳನ್ನು ಬಿಡಲಿಲ್ಲ!

ಹಲ್ಲಿನ ನೆಪದಲ್ಲಿ ಶುರುವಾದ ಮಾತು ಐದು ತಿಂಗಳಲ್ಲಿ ದಿನದ ಚಹಾದವರೆಗೆ ಬಂತು. ಒಂದು ಸಂಜೆ ಅವನು ತೊದಲುತ್ತ ಕೇಳಿದ: "ನಮ್ಮವ್ವನ್ನ ನಿಮ್ಮ ಮನಿಗೆ ಕರ್ಕೊಂಡು ಬರ್ಲೇನ್ರಿ?"

ದೇವಿಕಾಳಿಗೆ ಖುಷಿಯಾಯಿತು. ಆದರೂ ತನ್ನ ರೋಗದ ಸಂಗತಿ ಮುಚ್ಚಿಡಲಿಲ್ಲ.

"ಮುಟ್ಟಿನ ರಕ್ತ ನಿಲ್ಲದೆ ಎರಡು ಸಲ ದವಾಖಾನಿ ಸೇರೀನ್ರಿ. ನಾಳೆ ಹೆರಿಗಿ ಅಂದ್ರ ಏನಾಗ್ತದೋ... ವಿಚಾರ ಮಾಡ್ರಿ."

ಅವನು ಚಹಾ ಅರ್ಧಕ್ಕೇ ಬಿಟ್ಟ. ಎದ್ದು ಹೋದ. ಎಂಟು ದಿನ ಫೋನೂ ಇಲ್ಲ, ಸಂದೇಶವೂ ಇಲ್ಲ!

'ಇವನೂ ಹೆದರಿಬಿಟ್ಟ...' ಅವಳು ದಿಂಬಿಗೆ ಮುಖ ಒತ್ತಿ ಅತ್ತಳು.

ರಕ್ತಕ್ಕೆ ಹೆದರಿ ಕೀಳಿಸದೆ ಬಿಟ್ಟಿದ್ದ ಹಲ್ಲಿನಿಂದ ಒಂಬತ್ತನೆಯ ದಿನ ಕೆನ್ನೆ ಮತ್ತೆ ಊದಿತು. ತಾಯಿ ರೇಣಮ್ಮ ಅವಳನ್ನು ಕಲಬುರಗಿಗೆ ಹೊರಡಿಸಿದಳು. "ಹಲ್ಲು ತೆಗಸಲೇಬೇಕು. ರಕ್ತದ ಡಾಕ್ಟರ್ ಬರ್ರಿ ಅಂದಾರ."

"ಅವರನ್ನ ಯಾರು ಕೇಳಿದ್ರವ್ವಾ?"

ರೇಣಮ್ಮ ಚೀಲ ಎತ್ತಿಕೊಂಡು ಬಸ್ಸಿಗೆ ನಡೆದಳು. ಆಸ್ಪತ್ರೆಯ ಬಾಗಿಲಲ್ಲಿ ಬುದ್ಧಪ್ರಿಯ ನಿಂತಿದ್ದ. ಅವನ ಕೈಯಲ್ಲಿ ಅವಳ ಹಳೆಯ ಫೈಲು!

"ಅದು ನಿಮ್ಮ ಕೈಗೆ ಹೆಂಗ ಬಂತು?"

"ನಿಮ್ಮವ್ವಾರ ಕಡಿಂದ ಇಸ್ಕೊಂಡೆ. ಎರಡು ಸಲ ಬಂದು ಡಾಕ್ಟರಿಗೆ ತೋರಿಸೀನಿ. ಅವರು ಏನೂ ಮಾಡಾಕ ಆಗಂಗಿಲ್ಲ ಅಂದ್ರ ನಿಮಗ ಸುಳ್ಳು ಆಸಿ ಹುಟ್ಟಿಸಿದಂಗ ಆಗ್ತದಂತ ಮೊದಲ ಹೇಳಲಿಲ್ಲ."

"ಎಂಟು ದಿನ ಅತ್ತೀನ್ರೀ ನಾನು! ನನ್ನ ರೋಗ, ನನ್ನ ರಕ್ತ... ನನ್ನನ್ನೇ ಒಂದು ಮಾತು ಕೇಳಲಿಲ್ಲ?"

ಅವನ ಮುಖ ಬಾಡಿತು. ಎರಡೂ ಕೈಯಿಂದ ಫೈಲನ್ನು ಅವಳಿಗೆ ಒಪ್ಪಿಸಿದ. "ನಿಮ್ಮದು ನೀವೇ ಇಟ್ಕೋರಿ. ಹೋಗು ಅಂದ್ರ ಹೋಗ್ತೀನಿ."

ಕೋಪವಿತ್ತು. ಆದರೂ 'ಹೋಗು' ಎನ್ನಲು ನಾಲಿಗೆ ಏಳಲಿಲ್ಲ.

"ಕೂಡ್ರಿ," ಎಂದಳು.

ಡಾಕ್ಟರು ಮೊದಲ ದಿನ ರಕ್ತ ಬೇಗ ಹೆಪ್ಪುಗಟ್ಟಲು ನೆರವಾಗುವ ಡೆಸ್ಮೊಪ್ರೆಸಿನ್ ಎಂಬ ಔಷಧ ಏರಿಸಿ ರಕ್ತ ಪರೀಕ್ಷಿಸಿದರು. "ಎಲ್ಲರಿಗೂ ಇದು ನಾಟೋದಿಲ್ಲ. ನಿಮಗೆ ನಾಟಿದೆ!" ಕಟ್ಟಿದ ಹೆಪ್ಪು ಕರಗದಿರಲೆಂದು ಟ್ರಾನೆಕ್ಸಾಮಿಕ್ ಗುಳಿಗೆಯನ್ನೂ ಬರೆದರು. ಹೆರಿಗೆಯ ಮಾತು ಬಂದಾಗ ನೇರವಾಗಿ ಹೇಳಿದರು: "ಅಪಾಯ ಇಲ್ಲ ಅನ್ನೋದಿಲ್ಲ. ಮೊದಲೇ ತಯಾರಿ ಮಾಡಿಕೊಂಡರೆ ದಾರಿ ಇದೆ."

ಮರುದಿನ ಔಷಧ ಏರಿಸಿ, ಪ್ಲೇಟ್‌ಲೆಟ್ ಚೀಲ ಸಿದ್ಧವಿಟ್ಟುಕೊಂಡೇ ಹಲ್ಲು ಕಿತ್ತರು.

ಹತ್ತಿಬಟ್ಟೆ ಕಚ್ಚಿ ಕುಳಿತವಳ ಪಕ್ಕದಲ್ಲಿ ಬುದ್ಧಪ್ರಿಯ ಕುಳಿತ.

"ಇನ್ನ ನಿಮ್ಮನ್ನ ಕೇಳದ ಏನೂ ಮಾಡಂಗಿಲ್ರಿ. ಈಗ ಕೇಳಾಕತ್ತೀನಿ... ನನ್ನ ಮದುವಿ ಆಗ್ತೀರೇನು?"

ಬಾಯಿ ಬಿಡುವಂತಿರಲಿಲ್ಲ. ಅವಳು ಮೊಬೈಲಿನಲ್ಲಿ ಬರೆದು ತೋರಿಸಿದಳು: 'ಇದನ್ನ ಬಾಯಿಲೇ ಹೇಳ್ತೀನಿ. ಕಾಯ್ರಿ.'

ಅರ್ಧ ಗಂಟೆ! ಅವನು ಗೋಡೆಯ ಗಡಿಯಾರ ನೋಡುತ್ತ ಕಾದ. ನರ್ಸ್ ಬಂದು ಬಟ್ಟೆ ತೆಗೆದು ಬಗ್ಗಿ ನೋಡಿದಳು.

"ರಕ್ತ ನಿಂತದ್ರಿ!"

ರೇಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮೆಲ್ಲಗೆ ಹೊರಗೆ ಸರಿದಳು.

ಮರಗಟ್ಟಿದ ತುಟಿ ಸರಿಯಾಗಿ ಏಳುತ್ತಿರಲಿಲ್ಲ. ಆದರೂ ದೇವಿಕಾ ನಕ್ಕಳು.

"ಆಗ್ತೀನಿ... ಬುದ್ಧಪ್ರಿಯ."

ಹೆಸರಿನ ಜೊತೆ 'ಅವರೇ' ಇಲ್ಲ, ಮಾತಿನ ತುದಿಗೆ 'ರಿ' ಇಲ್ಲ! ಅವನ ಕಣ್ಣು ತುಂಬಿ ಬಂತು.

"ನೋವು ಅದ ಏನು... ದೇವಿ?"

"ಅದ," ಅವಳು ಅವನ ಭುಜಕ್ಕೆ ತಲೆಯಿಟ್ಟಳು. "ಇರ್ಲಿ ಬಿಡು."