ಗೇಣುದ್ದದ ವೈರು

ಇಂಜಿನ್ ಸತ್ತಿತು!

ಲೋಂಡಾ ಬಿಟ್ಟು ಆರು ಕಿಲೋಮೀಟರ್. ಎರಡೂ ಕಡೆ ಕಾಡು. ಹಿಂದೆ ಜೀಪು. ಜೀಪಿನಲ್ಲಿ ಯಲ್ಲೇಶ, ಅವನ ಕೈಯಲ್ಲಿ ಕಬ್ಬಿಣದ ರಾಡು.

ಕೀ ತಿರುಗಿಸಿದೆ. ಕುರ್... ಕುರ್... ಊಹೂಂ!

"ಕಾಕಾ, ಸುಮ್ನ ಸೆಲ್ಫ್ ಹೊಡೀಬ್ಯಾಡ್ರಿ! ಬ್ಯಾಟರಿ ಇಳೀತೈತಿ. ಬಾನೆಟ್ ತಗೀರಿ!"

ಪಕ್ಕದ ಸೀಟಿನಿಂದ ಸನಮ ಆಗಲೇ ಟೂಲ್ ಬ್ಯಾಗ್ ಹಿಡಿದು ಜಿಗಿದಿದ್ದಳು.

ನಾನು ಗುರುಪುತ್ರಪ್ಪ. ಕಳುವಾದ ಗಾಡಿ ಹುಡುಕುವುದು ನನ್ನ ಕಸುಬು. ಇದು ಇಪ್ಪತ್ತೆಂಟು ವರ್ಷ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು. ಯಜಮಾನ ಬೆಳಗಾವಿಯ ಮೂಳೆ ಡಾಕ್ಟರ್ ಶಶಿಧರ. ರಿಪೇರಿಗೆಂದು ಮಚ್ಛೆಯ ಕಲಂದರನ ಗ್ಯಾರೇಜಿನಲ್ಲಿ ಬಿಟ್ಟಿದ್ದ. ಒಂದು ಬೆಳಿಗ್ಗೆ ನೋಡಿದರೆ ಗಾಡಿ ಮಾಯ! ಪೊಲೀಸರು ಕಲಂದರನನ್ನೇ ಎತ್ತಿಕೊಂಡು ಹೋದರು. ಇವತ್ತು ನಾಲ್ಕಕ್ಕೆ ಕೋರ್ಟು, ಆಮೇಲೆ ಜೈಲು. ಸನಮ ಅವನ ಮಗಳು, ಅಪ್ಪನ ಕೈಕೆಳಗೇ ಕೆಲಸ ಕಲಿತವಳು. ಗಾಡಿ ಹುಡುಕಲು ನನಗೆ ಹೇಳಿದ್ದು ಡಾಕ್ಟರು. ನಾನೂ ಬರುತ್ತೇನೆಂದು ಹಟ ಹಿಡಿದವಳು ಇವಳು.

ಲೋಂಡಾ ಹೊರಗಿನ ಪಾಳು ಹಂಚಿನ ಕಾರ್ಖಾನೆಯಲ್ಲಿ ಗಾಡಿ ಸಿಕ್ಕಿತ್ತು, ಕೀ ಸಮೇತ. ಯಲ್ಲೇಶ ಅಲ್ಲಿ ಕಾವಲಿದ್ದವನು.

"ಇಲ್ಲೈತಿ ನೋಡ್ರಿ!" ಸನಮ ಕೂಗಿದಳು.

ಇಂಜಿನ್ ತಿರುಗುತ್ತಿದೆ ಎಂದು ಸುದ್ದಿ ಮುಟ್ಟಿಸುವ ಸೆನ್ಸರ್. ಅದರ ವೈರು ಸೈಲೆನ್ಸರ್ ಪೈಪಿಗೆ ತಾಗಿ ಕರಗಿತ್ತು. ಸೆನ್ಸರ್ ಸುಮ್ಮನಾದರೆ ಇಂಜಿನ್ನೂ ಸುಮ್ಮನೆ.

"ಇದು ಅಬ್ಬಾನ ಕೆಲಸ ಅಲ್ಲ ಕಾಕಾ. ಅಬ್ಬಾ ದಿನಾ ಗ್ಯಾರೇಜ್ ಮುಚ್ಚೂವಾಗ ಇಲ್ಲಿನ ಗೇಣುದ್ದ ವೈರ್ ಬಿಚ್ಚಿ ಕಿಸೇದಾಗ ಹಾಕ್ಕೊಂಡು ಮನೀಗೆ ಬರ್ತಿದ್ರು. ಅದಿಲ್ಲಂದ್ರ ಗಾಡಿ ಸುರು ಆಗಾಂಗಿಲ್ಲ. ಕದ್ದಾವ ಬ್ಯಾರೆ ವೈರ್ ಕಟ್ಯಾನ."

"ಈ ಗುಟ್ಟು ಯಾರಿಗೆ ಗೊತ್ತೈತಿ?"

"ಅಬ್ಬಾಗ, ನನಗ... ಮತ್ತ ದಿನಾ ಸಂಜೀಕ ಕುರ್ಚಿ ಹಾಕ್ಕೊಂಡು ನೋಡ್ಕೋತ ಕುಂದರ್ತಿದ್ದ ಡಾಕ್ಟರ್ ಸಾಹೇಬ್ರಿಗೆ."

ಬಗ್ಗಿ ನೋಡಿದೆ. ವೈರಿನ ಗಂಟಿಗೆ ಕರಿ ಟೇಪ್ ಇರಲಿಲ್ಲ. ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿ! ಮುರಿದ ಕೈಗೆ ಸುತ್ತುವಂತೆ ಒಪ್ಪವಾಗಿ ಸುತ್ತಿದ್ದ.

ನನಗೆ ಮೈಯೆಲ್ಲ ಉರಿದುಹೋಯಿತು. ಇನ್ಶೂರೆನ್ಸ್ ಆಸೆಗೆ ಡಾಕ್ಟರ್ ತನ್ನ ಗಾಡಿಯನ್ನು ತಾನೇ ಕದ್ದು, ಪಾಪದ ಮನುಷ್ಯನನ್ನು ಲಾಕಪ್ಪಿಗೆ ತಳ್ಳಿದ್ದ!

ಜೀಪಿನ ಸದ್ದು ಹತ್ತಿರವಾಯಿತು.

"ಎಷ್ಟೊತ್ತು ಹಿಡೀತೈತಿ?"

"ಐದು ನಿಮಿಷ. ಹಾರ್ನಿನ ವೈರ್ ಕತ್ತರಿಸಿ ಹಾಕ್ತೀನಿ."

"ಎರಡರಾಗ ಮುಗಸವ್ವ!"

"ಗಡಿಬಿಡಿ ಮಾಡಬ್ಯಾಡ್ರಿ. ಒಳಗ ಎರಡು ಎಳಿ ಅದಾವ, ಎರಡರ ಗಂಟೂ ಬಾಜೂ ಬಾಜೂ ಬಂದ್ರ ಶಾರ್ಟ್ ಆಗತೈತಿ. ಹಿಂದ-ಮುಂದ ಹಾಕಬೇಕು."

ಜೀಪು ನಿಂತಿತು. ಯಲ್ಲೇಶ ಇಳಿದ.

"ಗಾಡಿ ಬಿಟ್ಟು ನಡೀಯೋ ಮುದುಕಾ!"

"ಬಾ, ತೊಗೊಂಡು ಹೋಗು."

ರಾಡು ಬೀಸಿದ. ನನ್ನ ಎಡಭುಜ ಮರಗಟ್ಟಿತು. ಬಿದ್ದಲ್ಲಿಂದಲೇ ಅವನ ಮೊಣಕಾಲಿಗೆ ಒದ್ದೆ. ಅವನೂ ಉರುಳಿದ... ಮತ್ತೆ ಎದ್ದ... ರಾಡು ಎತ್ತಿದ...

ಘರ್ರ್ರ್!

"ಹತ್ರಿ ಕಾಕಾ!"

ಹಾರಿ ಕುಳಿತೆ. ಸ್ಟೇರಿಂಗ್ ಸನಮಳ ಕೈಯಲ್ಲಿ. ಹಿಂದೆ ಜೀಪು. ಎದುರಿಗೆ ಖಾನಾಪುರ ಬಜಾರು. ನಮಗೆ ಹಾರ್ನ್ ಇಲ್ಲ! ನಾನೇ ಕಿಟಕಿಯಿಂದ ತಲೆ ಹೊರಹಾಕಿ ಕನ್ನಡ, ಮರಾಠಿ ಎರಡರಲ್ಲೂ ಅರಚಿದೆ.

"ಸರೀರಿ! ಬಾಜೂಲಾ ವ್ಹಾ!"

ಜನ ಬೈದರು, ಸರಿದರು. ಜೀಪು ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡಿತು.

ಮೂರೂ ಐವತ್ತು. ಬೆಳಗಾವಿ. ಠಾಣೆಯ ಅಂಗಳದಲ್ಲಿ ಕಲಂದರನನ್ನು ವ್ಯಾನಿಗೆ ಹತ್ತಿಸುತ್ತಿದ್ದರು. ಒಳಗೆ ಡಾಕ್ಟರು ಇನ್ಸ್‌ಪೆಕ್ಟರ ಎದುರು ಚಹಾ ಕುಡಿಯುತ್ತಿದ್ದರು. ನಾನು ಸುಟ್ಟ ವೈರನ್ನು ಮೇಜಿನ ಮೇಲೆ ಹಾಕಿದೆ.

"ಈ ಪಟ್ಟಿ ನೀವೇ ಕಟ್ಟಿದ್ದು ಹೌದಲ್ರಿ?"

"ಏನೇನೋ ಮಾತಾಡಬ್ಯಾಡ!"

ಅಷ್ಟರಲ್ಲಿ ಡಾಕ್ಟರ ಫೋನ್ ಹೊಡೆದುಕೊಂಡಿತು. ಇನ್ಸ್‌ಪೆಕ್ಟರೇ ಎತ್ತಿ ಸ್ಪೀಕರ್ ಹಾಕಿದರು.

"ಸಾಹೇಬ್ರ, ನಾನ್ರಿ ಯಲ್ಲೇಶ... ನಿಮ್ಮ ಗಾಡಿ ಕೈಬಿಟ್ಟು ಹೋತ್ರಿ!"

ಕಲಂದರನನ್ನು ಬಿಟ್ಟರು. ಸನಮ ಅಪ್ಪನನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು. ಸುಳ್ಳೇಕೆ ಹೇಳಲಿ, ನನ್ನ ಕಣ್ಣೂ ತುಂಬಿದವು.

ಒಂದೇ ಒಂದು ಅನುಮಾನ ಉಳಿದಿತ್ತು. ಲಾಕಪ್ಪಿನ ಸರಳುಗಳಾಚೆ ಇದ್ದ ಡಾಕ್ಟರನ್ನು ಕೇಳಿಯೇ ಬಿಟ್ಟೆ.

"ಕದ್ದಾವ್ರು ನೀವು. ಮತ್ತ ಹುಡುಕಾಕ ನನಗ್ಯಾಕ ಹೇಳಿದ್ರಿ?"

"ಹುಡುಕಿಸೀನಿ ಅಂತ ಇನ್ಶೂರೆನ್ಸಿನವರಿಗೆ ತೋರಿಸಬೇಕಿತ್ತು. ಹುಡುಕೂ ಕೆಲಸ ಯಾರಿಗೆ ಕೊಟ್ರ ಗಾಡಿ ಸಿಗಾಂಗಿಲ್ಲ ಅಂತ ಊರೆಲ್ಲಾ ಕೇಳಿದೆ. ಎಲ್ಲಾರೂ ನಿನ್ನ ಹೆಸರೇ ಹೇಳಿದ್ರು."

ರಾಡಿನ ಪೆಟ್ಟು ವಾರದಲ್ಲಿ ವಾಸಿಯಾಯಿತು... ಇದು ಇನ್ನೂ ನೋಯುತ್ತಿದೆ ಸ್ವಾಮಿ!